ಎಂಪಿ4 ಎಂದಷ್ಟೇ ಹೇಳಿದರೆ ಸಾಲದು

ಹೊಸ ಕ್ಯಾಮೆರಾದ ವಿಡಿಯೊ ಮೆನು ತೆರೆದವರು ಸಾಮಾನ್ಯವಾಗಿ ಅಲ್ಲೇ ತಡವರಿಸುತ್ತಾರೆ. ಸೋನಿಯ ಎ7 III ಆದರೆ ‘ಎಕ್ಸ್‌ಎವಿಸಿ ಎಸ್ 4ಕೆ’, ‘ಎಕ್ಸ್‌ಎವಿಸಿ ಎಸ್ ಎಚ್‌ಡಿ’, ‘ಎವಿಸಿಎಚ್‌ಡಿ’ ಎಂದು ಮೂರು ಸಾಲು. ಒಂದೊಂದರ ಒಳಗೂ ‘25ಪಿ 100ಎಂ’, ‘50ಪಿ 50ಎಂ’, ‘50ಐ 24ಎಂ’ ಎಂಬ ಗೂಢಲಿಪಿ. ಕ್ಯಾನನ್ ಆದರೆ ‘ಆಲ್-ಐ’, ‘ಐಪಿಬಿ’. ಕೈಪಿಡಿಯಲ್ಲಿ ಇವೆಲ್ಲವುಗಳ ಉದ್ದನೆಯ ಕೋಷ್ಟಕವಿರುತ್ತದೆ. ಯಾವುದನ್ನು ಏಕೆ ಆರಿಸಬೇಕು ಎಂಬ ಮಾತು ಇರುವುದಿಲ್ಲ. ಬಲ್ಲವರನ್ನು ಕೇಳಿದರೆ ‘ಇರುವುದರಲ್ಲಿ ದೊಡ್ಡ ಸಂಖ್ಯೆಗೆ ಇಟ್ಟುಬಿಡಿ’ ಎನ್ನುತ್ತಾರೆ. ಫೋಟೊಗಳಿಗೆ ಈ ಸಲಹೆ ನಡೆದೀತು. ವಿಡಿಯೊದಲ್ಲಿ ಇದನ್ನು ನಂಬಿದವರ ಕಾರ್ಡು ಧಾರೆಯ ಹೊತ್ತಿಗೇ ತುಂಬುತ್ತದೆ, ಇಲ್ಲವೇ ಮನೆಗೆ ಬಂದ ಮೇಲೆ ಕಂಪ್ಯೂಟರು ಫೈಲನ್ನು ಓಡಿಸಲಾಗದೆ ಏದುಸಿರು ಬಿಡುತ್ತದೆ.

ಮೊದಲು ಒಂದು ಲೆಕ್ಕ ಹಾಕೋಣ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಎತ್ತರಕ್ಕೆ 1080, ಒಟ್ಟು 20,73,600 ಚುಕ್ಕಿಗಳಿರುತ್ತವೆ. ಪ್ರತಿ ಚುಕ್ಕಿಗೆ ಕೆಂಪು, ಹಸಿರು, ನೀಲಿಗಳಿಗೆ ಎಂಟೆಂಟು ಬಿಟ್‌ನಂತೆ 24 ಬಿಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್). ಸೆಕೆಂಡಿಗೆ ಇಂಥ 25 ಚಿತ್ರಗಳು; ಮೆನುವಿನ ‘25ಪಿ’ಯಲ್ಲಿರುವ 25 ಇದೇ. ಎಲ್ಲವನ್ನೂ ಇದ್ದದ್ದು ಇದ್ದಂತೆ ಉಳಿಸುತ್ತೇವೆ ಎಂದರೆ ಸೆಕೆಂಡಿಗೆ ಸುಮಾರು 155 ಮೆಗಾಬೈಟ್, ಗಂಟೆಗೆ 560 ಜಿಬಿ ಬೇಕು. 4ಕೆ ಚಿತ್ರದಲ್ಲಿ ಚುಕ್ಕಿಗಳು ಇದರ ನಾಲ್ಕು ಪಟ್ಟು. ಗಂಟೆಗೆ 2,240 ಜಿಬಿ. ಆದರೆ ಅದೇ ಎ7 III ‘4ಕೆ 25ಪಿ 100ಎಂ’ನಲ್ಲಿ ಒಂದು ಗಂಟೆಯನ್ನು 45 ಜಿಬಿಯೊಳಗೆ ಮುಗಿಸುತ್ತದೆ. ಐವತ್ತು ಪಾಲಿನಲ್ಲಿ ನಲವತ್ತೊಂಬತ್ತು ಪಾಲನ್ನು ಅದು ಸ್ಥಳದಲ್ಲೇ ಬಿಟ್ಟುಕೊಟ್ಟಿದೆ, ನಮ್ಮ ಕಣ್ಣಿಗೆ ಅದು ಗೊತ್ತೇ ಆಗಿಲ್ಲ. ಹೇಗೆ ಬಿಟ್ಟುಕೊಡುತ್ತದೆ, ಎಷ್ಟು ಬಿಟ್ಟುಕೊಡುತ್ತದೆ, ಆ ಶ್ರಮ ಯಾರ ತಲೆಗೆ ಬೀಳುತ್ತದೆ ಎಂಬುದೇ ಫಾರ್ಮ್ಯಾಟಿನ ಆಯ್ಕೆ.

ಈ ಕೆಲಸ ಮಾಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಇಂದಿನ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಕಾಣುವವು ಎರಡು: 2003ರಲ್ಲಿ ಬಂದ ಎಚ್.264 ಮತ್ತು 2013ರಲ್ಲಿ ಬಂದ ಎಚ್.265. ಕಂಪನಿಗಳು ತಮ್ಮ ತಮ್ಮ ಹೆಸರು ಇಟ್ಟುಕೊಂಡಿದ್ದರೂ ಒಳಗಿರುವುದು ಇವೇ. ಸೋನಿಯ ‘ಎಕ್ಸ್‌ಎವಿಸಿ ಎಸ್’ ಎಂದರೆ ಎಚ್.264, ‘ಎಕ್ಸ್‌ಎವಿಸಿ ಎಚ್‌ಎಸ್’ ಎಂದರೆ ಎಚ್.265, ಸೋನಿ ಮತ್ತು ಪ್ಯಾನಸೋನಿಕ್ 2006ರಲ್ಲಿ ಜೊತೆಗೂಡಿ ತಂದ ಎವಿಸಿಎಚ್‌ಡಿ ಕೂಡ ಎಚ್.264.

ಇವು ಚಿತ್ರವನ್ನು ಕುಗ್ಗಿಸುವ ಬಗೆಯನ್ನು ತಿಳಿಯಲು ಯಕ್ಷಗಾನದ ಆಟವೊಂದನ್ನು ಚಿತ್ರೀಕರಿಸುತ್ತಿದ್ದೀರಿ ಎಂದುಕೊಳ್ಳಿ. ಹಿಂದಿನ ಪರದೆ, ಕುಳಿತ ಭಾಗವತರು, ಮದ್ದಳೆಯವರು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತಾರೆ. ಸೆಕೆಂಡಿಗೆ ಇಪ್ಪತ್ತೈದು ಸಲ ಅದೇ ಪರದೆಯನ್ನು ಬರೆದಿಡುವುದು ದಂಡ. ಆದ್ದರಿಂದ ಕ್ಯಾಮೆರಾ ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಒಮ್ಮೆ ಮಾತ್ರ ಪೂರ್ತಿ ಚಿತ್ರವನ್ನು ಉಳಿಸುತ್ತದೆ. ಅದು ‘ಐ’ ಚಿತ್ರ. ನಡುವಿನ ‘ಪಿ’ ಚಿತ್ರಗಳಲ್ಲಿ ಹಿಂದಿನ ಚಿತ್ರಕ್ಕಿಂತ ಬದಲಾದದ್ದನ್ನಷ್ಟೇ ಬರೆಯುತ್ತದೆ. ‘ಬಿ’ ಚಿತ್ರಗಳು ಹಿಂದಿನದನ್ನೂ ಮುಂದಿನದನ್ನೂ ನೋಡಿಕೊಂಡು ಇನ್ನೂ ಕಡಿಮೆ ಬರೆಯುತ್ತವೆ. ಕ್ಯಾನನ್ ಮೆನುವಿನ ‘ಐಪಿಬಿ’ ಇದೇ. ‘ಆಲ್-ಐ’ ಎಂದರೆ ಈ ಜಿಪುಣತನ ಇಲ್ಲ, ಪ್ರತಿಯೊಂದು ಚಿತ್ರವೂ ಸ್ವತಂತ್ರ. ಸೋನಿಯಲ್ಲಿ ಅದಕ್ಕೆ ‘ಎಕ್ಸ್‌ಎವಿಸಿ ಎಸ್-ಐ’ ಎಂಬ ಹೆಸರು.

ವೇಷಧಾರಿ ನಿಂತು ಅರ್ಥ ಹೇಳುತ್ತಿರುವಾಗ ಐಪಿಬಿ ಸುಖವಾಗಿ ನಡೆಯುತ್ತದೆ. ಗಿರಗಿರನೆ ಸುತ್ತುವ ಧಿಗಿಣ ಶುರುವಾದಾಗ ಅದರ ಪರೀಕ್ಷೆ. ಆಗ ಪ್ರತಿ ಚಿತ್ರದಲ್ಲೂ ಕಿರೀಟ, ಸೆರಗು, ಕಾಲು ಎಲ್ಲವೂ ಹೊಸ ಜಾಗದಲ್ಲಿ. ‘ಬದಲಾದದ್ದು’ ಎಂಬುದೇ ಅರ್ಧ ಚಿತ್ರ. ಬಣ್ಣದ ವೇಷ ಉರಿಯುವ ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭುಗಿಲೆದ್ದರಂತೂ ಇಡೀ ರಂಗಸ್ಥಳದ ಬೆಳಕೇ ಬದಲಾಗುತ್ತದೆ, ಹಿಂದಿನ ಚಿತ್ರದಿಂದ ಸಾಲ ಪಡೆಯಲು ಏನೂ ಉಳಿದಿರುವುದಿಲ್ಲ. ಸೆಕೆಂಡಿಗೆ ಇಷ್ಟೇ ಬಿಟ್ ಎಂದು ಮಿತಿ ಹಾಕಿದ್ದರೆ ಕ್ಯಾಮೆರಾ ವಿವರಗಳನ್ನು ಕೈಬಿಡುತ್ತದೆ: ಬೆಂಕಿಯ ಸುತ್ತ ಚೌಕ ಚೌಕವಾದ ಕಲೆಗಳು, ಚುಟ್ಟಿಯ ಸಾಲು ಕಲಸಿಹೋದ ಮುಖ. ಮೆನುವಿನ ‘24ಎಂ’, ‘50ಎಂ’, ‘100ಎಂ’ ಇವೇ ಆ ಮಿತಿ, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಬಿಟ್‌ರೇಟ್. ಭಾಷಣವೊಂದನ್ನು 24ರಲ್ಲಿ ಹಿಡಿದರೂ ಯಾರೂ ಆಕ್ಷೇಪಿಸುವುದಿಲ್ಲ. ಮಹಿಷಾಸುರನ ಪ್ರವೇಶಕ್ಕೆ ಅದು ಸಾಲದು. ಬಿಟ್‌ರೇಟಿನ ಅಗತ್ಯವನ್ನು ನಿರ್ಧರಿಸುವುದು ಎದುರಿಗಿರುವ ಚಲನೆ ಎಂಬುದನ್ನು ಯಾವ ಕೈಪಿಡಿಯೂ ಬಿಡಿಸಿ ಹೇಳುವುದಿಲ್ಲ.

ಹಾಗಾದರೆ ಆಲ್-ಐ ಒಳ್ಳೆಯದಲ್ಲವೇ? ಒಳ್ಳೆಯದೇ, ಆದರೆ ಬೇರೆ ಕಾರಣಕ್ಕೆ. ಇಲ್ಲಿ ಬಹಳ ಮಂದಿ ಎಡವುವ ಒಂದು ವಿಷಯವಿದೆ: ಫೈಲ್ ಚಿಕ್ಕದಾದಷ್ಟೂ ಕಂಪ್ಯೂಟರಿನ ಕೆಲಸ ಹೆಚ್ಚುತ್ತದೆ. ಐಪಿಬಿ ಫೈಲಿನ ನಡುವೆ ಒಂದು ಕಡೆ ಕತ್ತರಿಸಬೇಕೆಂದರೆ ಕಂಪ್ಯೂಟರು ಹಿಂದಿನ ಐ ಚಿತ್ರಕ್ಕೆ ಹೋಗಿ, ಅಲ್ಲಿಂದ ಒಂದೊಂದೇ ಬದಲಾವಣೆ ಕೂಡಿಸುತ್ತ ಆ ಚಿತ್ರವನ್ನು ಮತ್ತೆ ಕಟ್ಟಬೇಕು. ಆಲ್-ಐನಲ್ಲಿ ಆ ಚಿತ್ರ ಸಿದ್ಧವಾಗಿಯೇ ಇದೆ. ಬೆಲೆ ತೆರುವುದು ಕಾರ್ಡು ಮತ್ತು ಹಾರ್ಡ್ ಡಿಸ್ಕ್: ಸೋನಿ ಎ7 IVನಲ್ಲಿ 4ಕೆ 25ಪಿ ಐಪಿಬಿ ಮಾದರಿ 140 ಮೆಗಾಬಿಟ್ ಕೇಳಿದರೆ, ಅದೇ ಚಿತ್ರದ ಆಲ್-ಐ ಮಾದರಿ 250 ಕೇಳುತ್ತದೆ. ಗಂಟೆಗೆ 63 ಜಿಬಿಯ ಬದಲು ಸುಮಾರು 112 ಜಿಬಿ. 2016ರ ಕ್ಯಾನನ್ 5ಡಿ ಮಾರ್ಕ್ IV 4ಕೆಗೆ ಮೋಷನ್ ಜೆಪೆಗ್ ಎಂಬ ಹಳೆಯ ವಿಧಾನ ಬಳಸಿ ಸುಮಾರು 500 ಮೆಗಾಬಿಟ್ ನುಂಗುತ್ತಿತ್ತು, ಗಂಟೆಗೆ 225 ಜಿಬಿ! ಆ ಫೈಲಿನಿಂದ ಯಾವ ಚಿತ್ರವನ್ನು ಕಿತ್ತರೂ ಅದು ಸ್ವತಂತ್ರ ಫೋಟೊ ಆಗಿರುತ್ತಿತ್ತು ಎಂಬುದು ನಿಜ. ಮದುವೆ ಚಿತ್ರೀಕರಿಸುವವರಿಗೆ ಆ ಸಮಾಧಾನ ಸಾಲಲಿಲ್ಲ.

ಎಚ್.265 ಈ ತಕ್ಕಡಿಯನ್ನು ಇನ್ನೊಂದು ಬದಿಗೆ ವಾಲಿಸುತ್ತದೆ. ಅದೇ ಗುಣಮಟ್ಟವನ್ನು ಎಚ್.264ರ ಸುಮಾರು ಅರ್ಧ ಬಿಟ್‌ಗಳಲ್ಲಿ ಕೊಡುತ್ತದೆ, ಬದಲಿಗೆ ಬಿಡಿಸುವ ಲೆಕ್ಕ ಬಹಳ ಜಟಿಲ. ಅದಕ್ಕೆಂದೇ ಚಿಪ್‌ನಲ್ಲಿ ಪ್ರತ್ಯೇಕ ಭಾಗವಿದ್ದರೆ ಸರಾಗ, ಇಲ್ಲದಿದ್ದರೆ ಕಾಲೆಳೆಯುತ್ತದೆ. ಅದರಲ್ಲೂ ‘4:2:2 10-ಬಿಟ್’ ಎಂಬ ಬಗೆಯ (ಈ ಅಂಕಿಗಳ ಅರ್ಥ ಮುಂದೆ ಬರುತ್ತದೆ) ಎಚ್.265 ಅನ್ನು ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ, ಗ್ರಾಫಿಕ್ಸ್ ಒಳಗೊಂಡ ಪ್ರೊಸೆಸರ್‌ಗಳು ಮತ್ತು ಆ್ಯಪಲ್‌ನ ಎಂ ಸರಣಿಯ ಚಿಪ್‌ಗಳು ನಿಭಾಯಿಸುತ್ತವೆ. ದುಬಾರಿ ಗೇಮಿಂಗ್ ಕಾರ್ಡುಗಳನ್ನು ಮಾಡುವ ಎನ್‌ವಿಡಿಯಾ ಈ ಸೌಲಭ್ಯ ಕೊಟ್ಟದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಲಕ್ಷ ರೂಪಾಯಿಯ ಕಂಪ್ಯೂಟರ್ ತಡವರಿಸುವ ಫೈಲನ್ನು ಸಾಧಾರಣ ಲ್ಯಾಪ್‌ಟಾಪ್ ಸಲೀಸಾಗಿ ಓಡಿಸುವ ವಿಚಿತ್ರ ಹೀಗೆ ಹುಟ್ಟುತ್ತದೆ. ಕಂಪ್ಯೂಟರ್ ಹಳೆಯದಾಗಿದ್ದರೆ ಪ್ರಾಕ್ಸಿ ಎಂಬ ದಾರಿಯಿದೆ: ಪ್ರತಿ ಫೈಲಿಗೂ ಒಂದು ಹಗುರ ಪ್ರತಿ ಮಾಡಿಕೊಂಡು ಸಂಕಲನವನ್ನೆಲ್ಲ ಅದರಲ್ಲಿ ಮುಗಿಸಿ, ಕೊನೆಯಲ್ಲಿ ಮೂಲ ಫೈಲ್‌ಗಳನ್ನು ಜೋಡಿಸುವುದು. ಹಲವು ಕ್ಯಾಮೆರಾಗಳು ಚಿತ್ರೀಕರಿಸುವಾಗಲೇ ಪ್ರಾಕ್ಸಿಯನ್ನೂ ಬರೆಯುತ್ತವೆ.

ಇನ್ನು ಎಂಪಿ4, ಎಂಒವಿ, ಎಂಟಿಎಸ್. ಫೈಲ್ ಹೆಸರಿನ ಬಾಲದಲ್ಲಿ ಇವು ಕಾಣುವುದರಿಂದ ಇವೇ ಫಾರ್ಮ್ಯಾಟ್ ಎಂದು ಜನ ತಿಳಿಯುತ್ತಾರೆ. ಭರಣಿಯನ್ನು ಹೊರಗಿನಿಂದ ನೋಡಿ ಒಳಗಿರುವುದು ಮಾವಿನಕಾಯಿಯೋ ನಿಂಬೆಯೋ ಎಂದು ಹೇಳಲಾಗದು, ಇವೂ ಹಾಗೆಯೇ. ಚಿತ್ರ, ಧ್ವನಿ, ಸಮಯದ ಗುರುತುಗಳನ್ನು ಒಟ್ಟಿಗೆ ಇಡುವ ಕಂಟೇನರ್‌ಗಳು ಅಷ್ಟೇ. ‘ನನಗೆ ಎಂಪಿ4 ಕೊಡಿ’ ಎಂದ ಗಿರಾಕಿಗೆ ಎಚ್.265 4:2:2 10-ಬಿಟ್ ತುಂಬಿದ ಎಂಪಿ4 ಕೊಟ್ಟರೆ ಅವರು ಕೇಳಿದ್ದನ್ನೇ ಕೊಟ್ಟಂತಾಯಿತು, ಆದರೆ ಅವರ ಮನೆಯ ಟಿವಿಯಲ್ಲಿ ಅದು ಬಹುಶಃ ಓಡುವುದಿಲ್ಲ. ಎಂಪಿ4 ಮತ್ತು ಎಂಒವಿಗಳಂತೂ ಹತ್ತಿರದ ನೆಂಟರು. ಆ್ಯಪಲ್‌ನ ಕ್ವಿಕ್‌ಟೈಮ್ ರಚನೆಯ ಮೇಲೆಯೇ ಎಂಪಿ4 ನಿಂತಿರುವುದು. ಇವೆರಡರಲ್ಲಿ ಆರಿಸುವ ಸಂದರ್ಭ ಬಂದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಕಂಟೇನರಿನ ಜೊತೆ ಧ್ವನಿಯ ಬಗೆಯೂ ಬದಲಾಗಬಹುದು, ಅದನ್ನು ಮಾತ್ರ ಗಮನಿಸಿ. ಸೋನಿಯಲ್ಲಿ ಎವಿಸಿಎಚ್‌ಡಿ ಆರಿಸಿದರೆ ಧ್ವನಿ ಡಾಲ್ಬಿ ಡಿಜಿಟಲ್ ರೂಪದಲ್ಲಿ ಕುಗ್ಗುತ್ತದೆ. ಎಕ್ಸ್‌ಎವಿಸಿ ಎಸ್ ಆದರೆ ಕುಗ್ಗಿಸದ ಪಿಸಿಎಂ. ಎರಡು ಚಾನೆಲ್‌ನ ಪಿಸಿಎಂ ಧ್ವನಿಗೆ ಬೇಕಾಗುವುದು ಸುಮಾರು ಒಂದೂವರೆ ಮೆಗಾಬಿಟ್ ಮಾತ್ರ. ನೂರರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಚೆಂಡೆಯ ಏಟನ್ನೂ ಭಾಗವತರ ದನಿಯನ್ನೂ ಹಿಡಿಯಲು ಹೊರಟವರು ಧ್ವನಿಯಲ್ಲಿ ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ.

ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಪ್ರಶ್ನೆಗೆ ಉತ್ತರ ಕ್ಯಾಮೆರಾದಲ್ಲಿಲ್ಲ, ವಿದ್ಯುತ್ ತಂತಿಯಲ್ಲಿದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್. ಆದ್ದರಿಂದ ನೇರವಾಗಿ ಅದರಿಂದ ಉರಿಯುವ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 25 ಅಥವಾ 50 ಚಿತ್ರಗಳ ವೇಗದಲ್ಲಿ, ಶಟರ್ 1/50 ಅಥವಾ 1/100 ಇಟ್ಟರೆ ಪ್ರತಿ ಚಿತ್ರಕ್ಕೂ ಸಮ ಪಾಲಿನ ಬೆಳಕು ಸಿಗುತ್ತದೆ. 30 ಚಿತ್ರ ಮತ್ತು 1/60 ಶಟರ್ ಇಟ್ಟರೆ ಒಂದು ಚಿತ್ರಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಗೋಡೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ಅಮೆರಿಕದಲ್ಲಿ 60 ಹರ್ಟ್ಸ್ ಇರುವುದರಿಂದ ಅಲ್ಲಿ ಇದು ತಿರುಗುಮುರುಗು. ಮೆನುವಿನಲ್ಲಿ ಇಂದಿಗೂ ಉಳಿದುಕೊಂಡಿರುವ ಪಾಲ್ (50ರ ಲೆಕ್ಕ) ಮತ್ತು ಎನ್‌ಟಿಎಸ್‌ಸಿ (60ರ ಲೆಕ್ಕ) ಎಂಬ ಆಯ್ಕೆಗಳು ಈ ಭೇದದ ಕುರುಹು. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದ್ದು ಪಾಲ್ ಪದ್ಧತಿಯಲ್ಲಿ. ನ್ಯೂಜೆರ್ಸಿಯ ಅಣ್ಣನೋ ಅತ್ತಿಗೆಯೋ ತಂದುಕೊಟ್ಟ ಕ್ಯಾಮೆರಾ ಎನ್‌ಟಿಎಸ್‌ಸಿಯಲ್ಲಿಯೇ ಇರುತ್ತದೆ, ಮೊದಲು ಅದನ್ನು ನೋಡಿ. ಕೆಲವು ಕ್ಯಾಮೆರಾಗಳಲ್ಲಿ ಇದನ್ನು ಬದಲಿಸಿದರೆ ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡಬೇಕಾಗುತ್ತದೆ, ಹಾಗಾಗಿ ಕಾರ್ಯಕ್ರಮದ ನಡುವೆ ಕೈಹಾಕಬೇಡಿ. ಪರದೇಶದ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಇಲ್ಲಿಂದ ಕ್ಯಾಮೆರಾ ಒಯ್ಯುವವರೂ ಅಲ್ಲಿನ ವಿದ್ಯುತ್ತನ್ನು ವಿಚಾರಿಸಿಕೊಳ್ಳಬೇಕು. ಒಂದು ಎಚ್ಚರಿಕೆ: ಬಣ್ಣ ಬದಲಿಸುವ ವೇದಿಕೆ ಎಲ್‌ಇಡಿಗಳು ತಮ್ಮದೇ ವೇಗದಲ್ಲಿ ಮಿನುಗುತ್ತವೆ, ಅವುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಶಟರ್ ವೇಗವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಪಟ್ಟೆ ಮಾಯವಾಗುವ ಜಾಗ ಹುಡುಕಬೇಕು.

‘50ಐ’ಯಲ್ಲಿರುವ ಐ, ಹಿಂದೆ ಹೇಳಿದ ‘ಐ’ ಚಿತ್ರದ ಐ ಅಲ್ಲ, ಬೇರೆ. ಅದು ಚಿತ್ರವನ್ನು ಬೆಸ ಗೆರೆ, ಸಮ ಗೆರೆಗಳಾಗಿ ಸೀಳಿ ಕಳಿಸುತ್ತಿದ್ದ ಪಿಕ್ಚರ್ ಟ್ಯೂಬ್ ಟಿವಿಗಳ ಕಾಲದ ವಿಧಾನ. ಮೊಬೈಲ್ ಪರದೆಯಲ್ಲಿ ಚಲನೆಯ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಕಾಣುತ್ತವೆ. ‘25ಪಿ’, ‘50ಪಿ’ ಎಂದು ಸಂಖ್ಯೆಯ ಜೊತೆ ‘ಪಿ’ ಇರುವುದನ್ನೇ ಆರಿಸಿ.

8-ಬಿಟ್, 10-ಬಿಟ್ ವಿಷಯಕ್ಕೆ ಬರುತ್ತೇನೆ. ಎಂಟು ಬಿಟ್ ಎಂದರೆ ಪ್ರತಿ ಮೂಲ ಬಣ್ಣಕ್ಕೆ 256 ಮೆಟ್ಟಿಲು. ಹತ್ತು ಬಿಟ್ ಎಂದರೆ 1,024. ಮೂರೂ ಬಣ್ಣ ಕೂಡಿದರೆ ಸುಮಾರು 1.68 ಕೋಟಿ ಬಣ್ಣಗಳಿಗೆ ಎದುರಾಗಿ 107 ಕೋಟಿ. ಜಾಹೀರಾತಿನಲ್ಲಿ ಈ ಅಂಕಿ ಚೆನ್ನಾಗಿ ಕಾಣುತ್ತದೆ, ಆದರೆ ಕ್ಯಾಮೆರಾದಿಂದ ಬಂದ ಬಣ್ಣವನ್ನು ಹಾಗೆಯೇ ಬಳಸುವವರಿಗೆ ವ್ಯತ್ಯಾಸ ಕಾಣುವುದೇ ಅಪರೂಪ. ಬಣ್ಣವನ್ನು ಆಮೇಲೆ ಎಳೆದಾಡುವವರಿಗೆ ಇದು ಬೇಕು. ಎಸ್-ಲಾಗ್, ಸಿ-ಲಾಗ್, ವಿ-ಲಾಗ್ ಎಂಬ ಹೆಸರಿನ, ಮಾಸಿದಂತೆ ಕಾಣುವ ಚಿತ್ರಗಳನ್ನು ಎಂಟು ಬಿಟ್‌ನಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ಕಳೆ ತುಂಬಲು ಹೋದರೆ ಸಂಜೆಯ ಆಕಾಶ ನುಣ್ಣಗೆ ಕರಗುವ ಬದಲು ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಬಣ್ಣ ತಿದ್ದುವ ಸಮಯವೂ ಕೌಶಲವೂ ಇಲ್ಲದವರು ಲಾಗ್ ಬಳಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಿನಿಮಾದಂತೆ ಕಾಣಲಿ ಎಂದು ಲಾಗ್‌ನಲ್ಲಿ ಹಿಡಿದು, ಅರೆಬರೆ ತಿದ್ದಿ, ವಧುವಿನ ಮುಖಕ್ಕೆ ಹಸಿರು ಛಾಯೆ ಬಳಿದ ಮದುವೆ ವಿಡಿಯೊಗಳು ಈಗ ಊರೂರಲ್ಲಿವೆ.

4:2:0 ಮತ್ತು 4:2:2 ಎಂಬ ಅಂಕಿಗಳು ಬಣ್ಣದ ವಿವರಕ್ಕೆ ಸಂಬಂಧಿಸಿದವು. ಕಣ್ಣು ಬೆಳಕಿನ ಸೂಕ್ಷ್ಮವನ್ನು ಚೆನ್ನಾಗಿ ಗುರುತಿಸುತ್ತದೆ, ಬಣ್ಣದ ಸೂಕ್ಷ್ಮವನ್ನು ಅಷ್ಟಾಗಿ ಗುರುತಿಸುವುದಿಲ್ಲ. ಈ ದೌರ್ಬಲ್ಯವನ್ನು ಬಳಸಿಕೊಂಡು 4:2:0ದಲ್ಲಿ ನಾಲ್ಕು ಚುಕ್ಕಿಗಳಿಗೆ ಒಂದೇ ಬಣ್ಣದ ಮಾಹಿತಿ ಇಡುತ್ತಾರೆ. 4:2:2ರಲ್ಲಿ ಎರಡಕ್ಕೆ ಒಂದು. ಕೆಲಸ ಕೆಡುವುದು ಕಡುಗೆಂಪಿನ ಅಂಚಿನಲ್ಲಿ: ಕತ್ತಲ ಹಿನ್ನೆಲೆಯ ಎದುರು ಕೆಂಪು ಉಡುಗೆ, ಕೆಂಪು ರೇಷ್ಮೆ ಸೀರೆ. ಅಂಚು ಸ್ವಲ್ಪ ಹರಿದಂತೆ ಕಾಣುತ್ತದೆ. ಹಸಿರು ಪರದೆಯ ಮುಂದೆ ಚಿತ್ರೀಕರಿಸಿ ಹಿನ್ನೆಲೆ ಬದಲಿಸುವವರಿಗೆ 4:2:2 ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಉಳಿದವರು 4ಕೆಯಲ್ಲಿ ಹಿಡಿದು ಎಚ್‌ಡಿಗೆ ಇಳಿಸಿದರೂ ಬಣ್ಣದ ವಿವರ ಸಾಕಷ್ಟು ಚೇತರಿಸಿಕೊಳ್ಳುತ್ತದೆ.

ಕಾರ್ಡು ಕೊಳ್ಳುವಾಗ ಮೋಸಹೋಗುವುದು ಒಂದು ಸಣ್ಣ ಭಾಗಾಕಾರದಲ್ಲಿ. ಕ್ಯಾಮೆರಾ ಲೆಕ್ಕ ಹೇಳುವುದು ಮೆಗಾಬಿಟ್‌ನಲ್ಲಿ, ಕಾರ್ಡು ಮೆಗಾಬೈಟ್‌ನಲ್ಲಿ, ಎಂಟರಿಂದ ಭಾಗಿಸಬೇಕು. 100 ಮೆಗಾಬಿಟ್ ಎಂದರೆ ಹನ್ನೆರಡೂವರೆ ಮೆಗಾಬೈಟ್ ಮಾತ್ರ. ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿರುವ ದೊಡ್ಡ ವೇಗ ಸಾಮಾನ್ಯವಾಗಿ ಓದುವ ವೇಗ. ಚಿತ್ರೀಕರಣಕ್ಕೆ ಬೇಕಾದದ್ದು ತಡೆಯಿಲ್ಲದೆ ಬರೆಯುವ ಕನಿಷ್ಠ ವೇಗ, ಅದು ‘ವಿ30’, ‘ವಿ60’, ‘ವಿ90’ ಎಂಬ ಸಣ್ಣ ಗುರುತಿನಲ್ಲಿದೆ. ವಿ30 ಎಂದರೆ ಸೆಕೆಂಡಿಗೆ 30 ಮೆಗಾಬೈಟ್, ಅಂದರೆ 240 ಮೆಗಾಬಿಟ್. ಆಲ್-ಐನ 250 ಅದನ್ನು ಕೂದಲೆಳೆಯಲ್ಲಿ ದಾಟುವುದರಿಂದ ಅದಕ್ಕೆ ಕನಿಷ್ಠ ವಿ60 ಬೇಕು. ಉಳಿದ ಬಹುತೇಕ ಕೆಲಸಕ್ಕೆ ಒಳ್ಳೆಯ ವಿ30 ಸಾಕು.

ಈಗ ಆಯ್ಕೆ. ಸಂಜೆ ಆರರಿಂದ ನಡುರಾತ್ರಿಯವರೆಗಿನ ಆಟವೊಂದನ್ನು ಪೂರ್ತಿ ದಾಖಲಿಸಬೇಕು ಎಂದರೆ ನಾನು ಎಚ್‌ಡಿ 50ಪಿ, 50 ಮೆಗಾಬಿಟ್ ಎನ್ನುತ್ತೇನೆ. ಆರು ಗಂಟೆಗೆ 135 ಜಿಬಿ. 4ಕೆ 25ಪಿ ಆದರೆ 270 ಜಿಬಿ, ಚುಕ್ಕಿಗಳು ಹೆಚ್ಚು ಸಿಗುತ್ತವೆ, ಒಂದೇ ಕ್ಯಾಮೆರಾ ಇರುವವರಿಗೆ ಆಮೇಲೆ ಹತ್ತಿರದ ನೋಟ ಕತ್ತರಿಸಿಕೊಳ್ಳುವ ಸೌಲಭ್ಯವೂ ಇದೆ. ಆದರೂ ಕುಣಿತದಲ್ಲಿ ಕಾಲಿನ ಕೆಲಸ ಓದಲು ಬೇಕಾದದ್ದು ಚುಕ್ಕಿಗಳಿಗಿಂತ ಚಿತ್ರಗಳ ಸಂಖ್ಯೆ. 25ರಲ್ಲಿ ಧಿಗಿಣ ಒಂದು ಬಣ್ಣದ ಸುಳಿ. 50ರಲ್ಲಿ ಹೆಜ್ಜೆ ಎಲ್ಲಿ ಎದ್ದು ಎಲ್ಲಿ ಇಳಿಯಿತು ಎಂಬುದು ಕಾಣುತ್ತದೆ. 4ಕೆ 50ಪಿ ಕೊಡುವ ಕ್ಯಾಮೆರಾ, ಅದರ ಬಿಸಿ ತಡೆಯುವ ದೇಹ, ಅಷ್ಟು ಡಿಸ್ಕು ಎಲ್ಲ ಇದ್ದವರಿಗೆ ಈ ಇಕ್ಕಟ್ಟಿಲ್ಲ. ಹಳೆಯ ಕ್ಯಾಮೆರಾಗಳಲ್ಲಿ ಇನ್ನೊಂದು ತೊಡಕು: ಅವು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. ಮೂವತ್ತು ನಿಮಿಷ ದಾಟಿ ಚಿತ್ರೀಕರಿಸುವ ಯಂತ್ರವನ್ನು ಯುರೋಪಿನ ಒಕ್ಕೂಟ ವಿಡಿಯೊ ಕ್ಯಾಮೆರಾ ಎಂದು ಪರಿಗಣಿಸಿ ಹೆಚ್ಚಿನ ಸುಂಕ ಹಾಕುತ್ತಿದ್ದುದರ ಫಲ ಅದು. ಪ್ರಸಂಗದ ನಡುವೆ ಯಾರಾದರೂ ಗುಂಡಿ ಒತ್ತುತ್ತಿರಬೇಕು.

ಮದುವೆಗೆ 4ಕೆ 25ಪಿ, ಎಚ್.264, 100 ಮೆಗಾಬಿಟ್ ಸಾಕೋ ಸಾಕು. 64 ಜಿಬಿ ಕಾರ್ಡಿನಲ್ಲಿ ಸುಮಾರು 85 ನಿಮಿಷ ಹಿಡಿಸುತ್ತದೆ. ಎರಡು ಕಾರ್ಡಿನ ಜಾಗವಿದ್ದರೆ ಎರಡಕ್ಕೂ ಒಟ್ಟಿಗೆ ಬರೆಯುವಂತೆ ಹೊಂದಿಸಿ, ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ಮಾಡಿ ಎಂದು ಕೇಳಲಾಗುವುದಿಲ್ಲ. ಯೂಟ್ಯೂಬಿಗಷ್ಟೇ ಮಾಡುವವರು ನೆನಪಿಡಬೇಕಾದದ್ದು, ಎಚ್‌ಡಿ 25ಪಿ ವಿಡಿಯೊಗೆ ಯೂಟ್ಯೂಬ್ ಸೂಚಿಸುವುದು ಸುಮಾರು 8 ಮೆಗಾಬಿಟ್, 4ಕೆಗೆ 35ರಿಂದ 45. ಏರಿಸಿದ ಮೇಲೆ ಅದು ತಾನೇ ಮತ್ತೊಮ್ಮೆ ಕುಗ್ಗಿಸುತ್ತದೆ. ಅಡುಗೆಯ ವಿಡಿಯೊಗೆ ಆಲ್-ಐ ಬಳಸುವುದು ದುಡ್ಡಿದ್ದವರ ಹವ್ಯಾಸ.

ಕೊನೆಯದಾಗಿ, ಮನೆಯಲ್ಲಿ ಹಳೆಯ ಎವಿಸಿಎಚ್‌ಡಿ ಕಾರ್ಡುಗಳು ಬಿದ್ದಿದ್ದರೆ ಅವುಗಳಿಂದ ಎಂಟಿಎಸ್ ಫೈಲ್‌ಗಳನ್ನು ಮಾತ್ರ ಹೆಕ್ಕಿ ನಕಲು ಮಾಡಬೇಡಿ. ಉದ್ದದ ದೃಶ್ಯವನ್ನು ಕ್ಯಾಮೆರಾ ತುಂಡು ಮಾಡಿ ಇಟ್ಟಿರುತ್ತದೆ, ತುಂಡುಗಳನ್ನು ಬೆಸೆಯುವ ಮಾಹಿತಿ ಬೇರೆ ಫೋಲ್ಡರಿನಲ್ಲಿರುತ್ತದೆ. ಅದು ತಪ್ಪಿದರೆ ಸೇರುವ ಕಡೆ ಧ್ವನಿ ಮುಕ್ಕಾಗಬಹುದು. ಕಾರ್ಡಿನಲ್ಲಿರುವ ‘ಪ್ರೈವೇಟ್’ ಎಂಬ ಫೋಲ್ಡರನ್ನು ಇಡಿಯಾಗಿ ನಕಲಿಸಿ. ಆಮೇಲೆ ಎಂಪಿ4 ಬೇಕೆನಿಸಿದರೆ ಅಂತರ್ಜಾಲದ ‘ಕನ್ವರ್ಟರ್’ಗಳ ಬಳಿಗೆ ಹೋಗಬೇಡಿ, ಅವು ಚಿತ್ರವನ್ನು ಮತ್ತೆ ಕುಗ್ಗಿಸಿ ಇನ್ನಷ್ಟು ಕೆಡಿಸುತ್ತವೆ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ‘ಕಾಪಿ’ ಆಯ್ಕೆ ಕೊಟ್ಟರೆ ಒಳಗಿನ ಎಚ್.264 ಅನ್ನು ಮುಟ್ಟದೆ ಕಂಟೇನರನ್ನಷ್ಟೇ ಬದಲಿಸುತ್ತದೆ. ಒಂದು ಗಂಟೆಯ ವಿಡಿಯೊಗೆ ಹಿಡಿಯುವ ಸಮಯ ಡಿಸ್ಕಿನಿಂದ ಡಿಸ್ಕಿಗೆ ನಕಲು ಮಾಡುವಷ್ಟೇ, ಗುಣಮಟ್ಟದಲ್ಲಿ ಒಂದು ಬಿಟ್ ಕೂಡ ನಷ್ಟವಿಲ್ಲ.